ಪ್ರೋಗ್ರಾಂ ಆಫೀಸರ್ ಅಂದ್ರೆ ಯಾರ ಆಫೀಸರ್?

ಈ ಸಲ ಬಂದ ಪತ್ರಗಳಲ್ಲಿ ಸರ್ಕಾರಿ ಯೋಜನೆಗಳಲ್ಲಿ ಕೆಲಸ ಮಾಡುವವರದ್ದೇ ಜಾಸ್ತಿ. ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಎಂ.ಎಸ್.ಡಬ್ಲ್ಯು. ಮುಗಿಸಿ ಮಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿದ್ದೇನೆ. ಈಗ ಉಡುಪಿ ಜಿಲ್ಲೆಯಲ್ಲಿ ಸರ್ಕಾರದ ಒಂದು ಯೋಜನೆಗೆ ತಾಲೂಕು ಮಟ್ಟದ ಕಾರ್ಯಕ್ರಮ ಅಧಿಕಾರಿ ಅಂತ ಆಯ್ಕೆಯಾಗಿದ್ದೇನೆ. ಗುತ್ತಿಗೆ ಕೆಲಸ. ಸಂಬಳ ಹೆಚ್ಚುಕಮ್ಮಿ ಈಗಿನಷ್ಟೇ. ಅಮ್ಮ ಆಗಲೇ ಊರಿಡೀ ‘ಮಗಳಿಗೆ ಗವರ್ಮೆಂಟ್ ಕೆಲಸ ಆಯ್ತು’ ಅಂತ ಹೇಳಿಯಾಗಿದೆ. ಸೇರಬಹುದಾ?
– ಓದುಗಿ, ಬ್ರಹ್ಮಾವರ

ಉತ್ತರ: ಅಮ್ಮ ಹೇಳಿಯಾಗಿದ್ದರೆ ಇನ್ನು ನನ್ನನ್ನು ಯಾಕೆ ಕೇಳುತ್ತೀರಿ ಮಾರಾಯ್ತಿ! ಇರಲಿ, ಕೇಳಿದ್ದೀರಿ, ಹೇಳುತ್ತೇನೆ.

ಮೊದಲು ನೇಮಕಾತಿ ಆದೇಶದ ಕೆಳಗೆ ಯಾರ ಸಹಿ ಇದೆ ನೋಡಿ. ಇಲಾಖೆಯದ್ದೋ ಜಿಲ್ಲಾ ಸೊಸೈಟಿಯದ್ದೋ ಆದರೆ ಅದು ನೇರ ಗುತ್ತಿಗೆ. ಏಜೆನ್ಸಿಯ ಸಹಿ ಇದ್ದರೆ ಹೊರಗುತ್ತಿಗೆ. ಆಗ ನೀವು ಕೂರುವುದು ಸರ್ಕಾರಿ ಕಚೇರಿಯಲ್ಲಿ, ಆದರೆ ದಾಖಲೆಯಲ್ಲಿ ಏಜೆನ್ಸಿಯ ನೌಕರರು. ಪಿಎಫ್ ಕಟ್ಟುತ್ತಾರಾ, ಸಂಬಳ 21,000 ರೂಪಾಯಿ ದಾಟದಿದ್ದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಮಾಡಿಸುತ್ತಾರಾ, ಓಡಾಟದ ಭತ್ಯೆ ಬೇರೆ ಇದೆಯಾ ಅಥವಾ ಸಂಬಳದಲ್ಲೇ ಸೇರಿಸಿದ್ದಾರಾ, ಇದೆಲ್ಲ ಸೇರುವ ಮೊದಲೇ ಕೇಳಿ. ಓಡಾಟದ ಖರ್ಚು ಸಣ್ಣದಲ್ಲ. ಹೆಬ್ರಿ ಕಡೆ, ಬೈಂದೂರು ಕಡೆ ಒಳಗಿನ ಊರುಗಳಿಗೆ ಬಸ್ಸು ನಂಬಿ ಹೊರಟರೆ ಒಂದು ದಿನಕ್ಕೆ ಒಂದೇ ಊರು. ಕೊನೆಗೆ ಸ್ಕೂಟಿ ನಿಮ್ಮದು, ಪೆಟ್ರೋಲೂ ನಿಮ್ಮದು.

ಇನ್ನೊಂದು, ‘ಹತ್ತು ವರ್ಷ ಮಾಡಿದರೆ ಪರ್ಮನೆಂಟ್’ ಅನ್ನುವ ಮಾತು. ಪ್ರತಿ ಕಚೇರಿಯಲ್ಲೂ ಹೀಗೆ ಹೇಳುವವರು ಒಬ್ಬರು ಇದ್ದೇ ಇರುತ್ತಾರೆ, ನಂಬಬೇಡಿ. ನಮ್ಮದೇ ರಾಜ್ಯದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್‌ನಲ್ಲಿ ಹೇಳಿದ್ದು, ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಂ ಮಾಡಿ ಅಂತ ಕೇಳುವ ಹಕ್ಕಿಲ್ಲ ಅಂತ. ಆಗಲೇ ಹತ್ತು ವರ್ಷ ದಾಟಿದ್ದ ಕೆಲವರಿಗೆ, ಅದೂ ಮಂಜೂರಾದ ಹುದ್ದೆಯಲ್ಲಿದ್ದವರಿಗೆ, ಒಂದು ಸಲಕ್ಕೆ ಮಾತ್ರ ದಾರಿ ಬಿಟ್ಟಿತ್ತು. ಆ ‘ಹತ್ತು ವರ್ಷ’ವೇ ಕಚೇರಿಯಿಂದ ಕಚೇರಿಗೆ ಸುತ್ತುತ್ತಾ ಬಂದಿದೆ. ಆಮೇಲಿನ ಕೆಲವು ತೀರ್ಪುಗಳು ಸ್ವಲ್ಪ ಮೃದುವಾಗಿವೆ, ನಿಜ. ಆದರೆ ಅದನ್ನು ನೆಚ್ಚಿಕೊಂಡು ಮನೆ ಸಾಲ ಮಾಡುವ ಹಾಗಿಲ್ಲ.

ಈಗ ಕೆಲಸದ ವಿಷಯ. ಹೆಸರಲ್ಲಿ ಅಧಿಕಾರಿ ಇದೆ, ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಇಲ್ಲ. ಪಂಚಾಯತ್‌ನ ಪಿಡಿಒ, ವೈದ್ಯಾಧಿಕಾರಿ, ಅಂಗನವಾಡಿ ಮೇಲ್ವಿಚಾರಕಿ ಇವರ್ಯಾರೂ ನಿಮ್ಮ ಕೈಕೆಳಗಿನವರಲ್ಲ. ಆದರೆ ಅವರು ಮಾಡಿದ್ದಕ್ಕೂ ಮಾಡದ್ದಕ್ಕೂ ಮೀಟಿಂಗ್‌ನಲ್ಲಿ ಎದ್ದು ನಿಲ್ಲಬೇಕಾದವರು ನೀವು. ಮಣಿಪಾಲದ ರಜತಾದ್ರಿಯಲ್ಲಿ, ಅಂದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಪ್ರಗತಿ ಪರಿಶೀಲನೆ ಅಂತ ಕರೆದರೆ, ಹಿಂದಿನ ರಾತ್ರಿ ಹನ್ನೊಂದರವರೆಗೆ ವಾಟ್ಸ್‌ಆ್ಯಪ್‌ನಲ್ಲಿ ಅಂಕಿ ಬೇಡುತ್ತಾ ಕೂರಬೇಕು. ಕೊಡುವವರಿಗೆ ಅವಸರ ಇರುವುದಿಲ್ಲ, ಅದು ನಿಮಗೆ ಮಾತ್ರ.

ಆ ವರದಿಯ ನಮೂನೆ ನೋಡಿರುತ್ತೀರಿ. ಗುರಿ, ಸಾಧನೆ, ಶೇಕಡಾವಾರು, ಕೊನೆಗೆ ಬೆರಳಷ್ಟು ಅಗಲದ ‘ಷರಾ’. ಎಲ್ಲರೂ ಷರಾದಲ್ಲಿ ‘ಪ್ರಗತಿಯಲ್ಲಿದೆ’ ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ನಿಮ್ಮ ಹುದ್ದೆ ಇರುವುದೇ ಆ ಕಾಲಂನಲ್ಲಿ. ಮಾತೃಪೂರ್ಣ ಯೋಜನೆಯನ್ನೇ ತಗೊಳ್ಳಿ. 2017ರ ಅಕ್ಟೋಬರ್ 2ಕ್ಕೆ ಶುರುವಾಯ್ತು. ಗರ್ಭಿಣಿ, ಬಾಣಂತಿಯರು ದಿನಾ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕು ಅನ್ನುವುದು ಆಗ ಮಾಡಿದ ನಿಯಮ. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ, ಅಂಗನವಾಡಿ ನಾಲ್ಕು ಹೆಜ್ಜೆ. ನಮ್ಮಲ್ಲಿ ಹಾಗಾ? ತೋಟಕ್ಕೊಂದು ಮನೆ. ಆಷಾಢದ ಮಳೆಯಲ್ಲಿ ಎಂಟು ತಿಂಗಳ ಬಸುರಿ ಗುಡ್ಡ ಇಳಿದು, ಪಾಚಿ ಕಟ್ಟಿದ ಕಾಲುಸಂಕ ದಾಟಿ, ಊಟ ಮಾಡಿ, ಮತ್ತೆ ಅದೇ ಗುಡ್ಡ ಹತ್ತಬೇಕು. ಬರುವುದಿಲ್ಲ ಅಲ್ವಾ? ಶೇಕಡಾ ಕಡಿಮೆಯಾಗುತ್ತದೆ. ಅಂಥ ಕಡೆ ಷರಾದಲ್ಲಿ ‘ಜಾಗೃತಿ ಕೊರತೆ’ ಅಂತ ಬರೆದರೆ ಮುಂದಿನ ತಿಂಗಳು ಜಾಗೃತಿ ಜಾಥಾಕ್ಕೆ ದುಡ್ಡು ಬರುತ್ತದೆ. ‘ಇಷ್ಟು ಮನೆಗಳು ಅಂಗನವಾಡಿಯಿಂದ ಎರಡು ಕಿಲೋಮೀಟರ್ ಆಚೆ, ನಡುವೆ ತೋಡು ಇದೆ’ ಅಂತ ಬರೆದರೆ ಮನೆಗೆ ಊಟ ತಲುಪಿಸುವ ಮಾತಾದರೂ ಎದ್ದೀತು. ಹಾಗೆ ಬರೆಯಬೇಕಾದರೆ ಹೋಗಿ ನೋಡಿರಬೇಕು, ಅಷ್ಟೇ.

ಇಂಥ ಕೆಲಸ ನಿಮಗೆ ಹಿಡಿಸುತ್ತದೆ ಅನ್ನಿಸಿದರೆ ಎರಡು ಮೂರು ವರ್ಷ ಮಾಡಿ. ಜಿಲ್ಲೆ ಅರ್ಥವಾಗುತ್ತದೆ, ಮುಂದೆ ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ. ಜೊತೆಗೆ ಕಾಯಂ ಸರ್ಕಾರಿ ಹುದ್ದೆಯ ಕೆಪಿಎಸ್‌ಸಿ ಪರೀಕ್ಷೆಗೆ ಓದುವುದನ್ನು ಬಿಡಬೇಡಿ. ಭದ್ರತೆಯೇ ಮುಖ್ಯ ಅನ್ನುವುದಾದರೆ ಇದು ನಿಮಗಲ್ಲ. ಮತ್ತೆ, ಗಂಡಿನ ಕಡೆಯವರು ಬಂದಾಗ ಗುತ್ತಿಗೆ ಅನ್ನುವುದನ್ನು ನೀವೇ ಮೊದಲು ಹೇಳಿಬಿಡಿ, ಅಮ್ಮನ ಕೈಯಲ್ಲಿ ಬಿಡಬೇಡಿ.

ಪ್ರಶ್ನೆ: ನಾನು ಹೊಸದಾಗಿ ಸೇರಿದ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ಕೆಲಸದ ಜೊತೆಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಯೂ ನಾನೇ. ಹೆಣ್ಣುಮಗಳು ದೂರು ಕೊಟ್ಟ ಮರುದಿನವೇ ಗಂಡನ ಕಡೆಯವರು ಊರಿನ ಮುಖಂಡರನ್ನು ಕರೆದುಕೊಂಡು ಬಂದು ‘ಕೇಸೆಲ್ಲ ಬೇಡ, ಇಲ್ಲೇ ಮಾತಾಡಿ ಮುಗಿಸಿ’ ಅನ್ನುತ್ತಾರೆ. ಮೇಲಿನವರೂ ಫೋನಿನಲ್ಲಿ ಅದನ್ನೇ ಹೇಳುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ದಕ್ಷಿಣ ಕನ್ನಡ

ಉತ್ತರ: ಆ ಕುರ್ಚಿಯಲ್ಲಿ ಕೂತಾಗ ನೀವು ಇಲಾಖೆಯ ಮಾತಿಗಿಂತ ಮೊದಲು ಮ್ಯಾಜಿಸ್ಟ್ರೇಟರ ಮಾತು ಕೇಳಬೇಕಾದವರು. 2005ರ ಕಾಯ್ದೆ ಸಂರಕ್ಷಣಾಧಿಕಾರಿಯನ್ನು ಅವರ ನಿಯಂತ್ರಣದಲ್ಲೇ ಇಟ್ಟಿದೆ. ದೂರು ಬಂದರೆ ಕೌಟುಂಬಿಕ ಘಟನಾ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕೊಡುವುದು, ಠಾಣೆಗೆ ಪ್ರತಿ ಕಳಿಸುವುದು, ವೈದ್ಯಕೀಯ ತಪಾಸಣೆ, ಉಳಿಯಲು ಜಾಗ, ಉಚಿತ ವಕೀಲರು ಬೇಕಿದ್ದರೆ ಒದಗಿಸುವುದು, ಇವು ನಿಮ್ಮ ಕೆಲಸ. ಪಂಚಾಯ್ತಿಕೆ ಇದರಲ್ಲಿ ಇಲ್ಲ. ಆಪ್ತ ಸಮಾಲೋಚನೆ ಬೇಕು ಅನ್ನಿಸಿದರೆ ಮ್ಯಾಜಿಸ್ಟ್ರೇಟರೇ ಆದೇಶ ಮಾಡುತ್ತಾರೆ. ಅರ್ಜಿ ಹೋದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ ಆ ವಿಚಾರಣೆಯಿಂದ 60 ದಿನದೊಳಗೆ ಆಗುವಂತೆ ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. 60 ದಿನದ ಮಾತು ಎಷ್ಟು ಕಡೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ನಿಮ್ಮ ಕಡೆಯಿಂದ ತಡ ಆಗದಿದ್ದರೆ ಆಯ್ತು.

ಒಂದು ವಿಷಯ ಮುಖಂಡರಿಗೆ ಗೊತ್ತಿರುವುದಿಲ್ಲ, ಹೇಳಿ. ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶದಲ್ಲಿ ಹೇಳಿದ ಕರ್ತವ್ಯವನ್ನು ಸರಿಯಾದ ಕಾರಣವಿಲ್ಲದೆ ಮಾಡದ ಸಂರಕ್ಷಣಾಧಿಕಾರಿಗೆ 33ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ‘ಸ್ವಾಮೀ, ನಿಮ್ಮ ಮಾತು ಕೇಳಿ ನಾನು ಕಟಕಟೆ ಹತ್ತಬೇಕಾ’ ಅಂದರೆ ಹೆಚ್ಚಿನವರು ಕಾಫಿ ಕುಡಿದು ಹೊರಡುತ್ತಾರೆ.

ರಾಜಿ ಆಕೆಗೇ ಬೇಕಾಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಆಕೆ ಒಬ್ಬಳೇ ಇರುವಾಗ ಹೇಳಬೇಕು. ಉಳಿದವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಬಾಗಿಲು ಮುಚ್ಚಿ, ಕೇಳಿ. ಹೇಳಿದ್ದನ್ನು ಬರೆದು ಆಕೆಗೇ ಓದಿ ಹೇಳಿ, ಸಹಿ ತೆಗೆದುಕೊಳ್ಳಿ.

ಫೋನಿನಲ್ಲಿ ಬರುವ ಸೂಚನೆಗೆ ಹಳೆಯ ಮದ್ದು ಇದೆ. ಜಗಳ ಬೇಡ. ‘ತಾವು ದೂರವಾಣಿಯಲ್ಲಿ ತಿಳಿಸಿದ ವಿಷಯಕ್ಕೆ ಸಂಬಂಧಿಸಿ ಲಿಖಿತ ನಿರ್ದೇಶನ ನೀಡಬೇಕಾಗಿ ಕೋರಿದೆ’ ಅಂತ ಅದೇ ದಿನ ಇಮೇಲ್ ಹಾಕಿ, ಪ್ರತಿಯನ್ನು ಕಡತಕ್ಕೆ ಸೇರಿಸಿ. ಉತ್ತರ ಬರುವುದು ಅಪರೂಪ, ಫೋನೂ ನಿಲ್ಲುತ್ತದೆ. ಸ್ವಲ್ಪ ದಿನ ಮುಖ ಗಂಟುಹಾಕಿಕೊಂಡಿರುತ್ತಾರೆ, ಇರಲಿ ಬಿಡಿ.

ಪ್ರಶ್ನೆ: ಮಾರ್ಚ್ ಬಂತೆಂದರೆ ಎಲ್ಲ ಇಲಾಖೆಯವರಿಗೂ ಒಮ್ಮೆಲೇ ನಮ್ಮ ಪಂಚಾಯತ್ ನೆನಪಾಗುತ್ತದೆ. ತರಬೇತಿ, ಕಾರ್ಯಾಗಾರ, ಊಟ. ಯಾಕೆ ಹೀಗೆ?
– ಗ್ರಾಮ ಪಂಚಾಯತ್ ಸದಸ್ಯರು, ಮೂಡುಬಿದಿರೆ ಕಡೆಯವರು

ಉತ್ತರ: ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ, ಅದಕ್ಕೆ. ಯೋಜನೆಯ ದುಡ್ಡು ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಹಣ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬರುವುದಿಲ್ಲ. ಹಾಗೆ ತಡವಾಗಿ ತಡವಾಗಿ ಕೊನೆಯ ಕಂತು ಫೆಬ್ರವರಿಗೆ ಬಂದರೆ ಕಟ್ಟಡ ಕಟ್ಟಲಿಕ್ಕೆ ಆಗುತ್ತದಾ? ಬೇಗ ಖರ್ಚಾಗುವುದು ತರಬೇತಿ ಒಂದೇ. ಎಲ್ಲರೂ ಕಳ್ಳರು ಅಂತಲ್ಲ, ಪಾಪ, ಕೆಲವರು ಜೂನ್‌ನಿಂದಲೇ ದುಡ್ಡಿಗೆ ಪತ್ರ ಬರೆದು ಸುಸ್ತಾಗಿರುತ್ತಾರೆ.

ಏಪ್ರಿಲ್‌ನಲ್ಲೇ ವರ್ಷದ ಕ್ರಿಯಾ ಯೋಜನೆಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಅನುಮಾನ ಬಂದ ಕಾರ್ಯಕ್ರಮಕ್ಕೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಹಾಜರಿ ಪಟ್ಟಿ, ಊಟದ ಬಿಲ್ಲು ಎರಡನ್ನೂ ಕೇಳಿ. 30 ದಿನದಲ್ಲಿ ಕೊಡಬೇಕು. ಅರ್ಜಿ 150 ಪದ ದಾಟದಿರಲಿ, ಒಂದೇ ವಿಷಯ ಇರಲಿ. ಕರ್ನಾಟಕದ ನಿಯಮ ಹಾಗಿದೆ, ದಾಟಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ.