ಹೊಗೆಗಾಡಿ ಕಾಲ ಚೆನ್ನಾಗಿತ್ತಾ? ನಮ್ಮಜ್ಜಿಯ ಒಗೆಯೋ ಕಲ್ಲನ್ನು ಕೇಳಬೇಕು

ಹೊಗೆಗಾಡಿ ಕಾಲ ನಿಜವಾಗಲೂ ಅಷ್ಟು ಚೆನ್ನಾಗಿತ್ತಾ, ಮನೆಯವರ ನೆನಪು ಏನಾದರೂ ಇದ್ದರೆ ಹೇಳಿ ಅಂತ ಕೇಳಿದ್ದೀರಿ. ನನಗೆ ಚೆನ್ನಾಗಿತ್ತು. ತಾತನಿಗೆ ಅರ್ಧಂಬರ್ಧ. ಅಜ್ಜಿಗಂತೂ ಚೂರೂ ಇಷ್ಟ ಇರಲಿಲ್ಲ.

ತಾತ ಅಂದರೆ ಅಮ್ಮನ ಅಪ್ಪ, ಮೈಸೂರಿನಲ್ಲಿ ಫೈರ್‌ಮ್ಯಾನ್ ಆಗಿದ್ದವರು. ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕೋ ಕೆಲಸ. ಆಗ ಬೆಂಗಳೂರು-ಮೈಸೂರು ಲೈನು ಪೂರ್ತಿ ಮೀಟರ್ ಗೇಜು, ಅಂದರೆ ಕಿರಿದಾದ ಹಳಿ. ಅಗಲವಾದ ಬ್ರಾಡ್ ಗೇಜ್ ಹಳಿ ಬಂದಿದ್ದು 90ರ ದಶಕದಲ್ಲಿ. ನಾವಿದ್ದಿದ್ದು ಮಂಡ್ಯದಲ್ಲಿ. ಬೇಸಿಗೆ ರಜೆ ಬಂತು ಅಂದರೆ ಪ್ಯಾಸೆಂಜರ್ ಗಾಡಿ ಹತ್ತಿ ಅಜ್ಜಿ ಮನೆಗೆ. ಇಂಜಿನ್ ಕಡೆ ಮುಖ ಮಾಡಿ ಕಿಟಕಿ ಪಕ್ಕ ಕೂರೋದಕ್ಕೆ ನಾನೂ ನನ್ನ ತಂಗಿಯೂ ಜಗಳ ಆಡುತ್ತಿದ್ದೆವು. ಗೆದ್ದವರ ಕಣ್ಣಿಗೆ ಪಾಂಡವಪುರ ಬರೋದರೊಳಗೆ ಕಲ್ಲಿದ್ದಲಿನ ಕಿಟ್ಟ ಬಿದ್ದಿರುತ್ತಿತ್ತು. ಅಮ್ಮ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಂದ ಬಿಸಿ ಗಾಳಿ ಊದಿ ಊದಿ ಕಣ್ಣಿಗೆ ಒತ್ತುತ್ತಿದ್ದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸೇತುವೆ ಮೇಲೆ ಗಾಡಿ ಸದ್ದು ಬದಲಾದ ತಕ್ಷಣ, ಒಂದು ಕಣ್ಣು ಮುಚ್ಚಿಕೊಂಡೇ ಹೊಳೆಗೆ ಐದು ಪೈಸೆ ಎಸೆಯಬೇಕು.

ಈಗ ಫೋಟೋಗಳಲ್ಲಿ ಇಂಜಿನ್ನು ದಟ್ಟ ಕಪ್ಪು ಹೊಗೆ ಬಿಡುತ್ತಿದ್ದರೆ ಎಲ್ಲರೂ ವಾಹ್ ಅಂತಾರೆ, ಅಲ್ವಾ? ತಾತ ಅಂಥ ಫೋಟೋ ನೋಡಿದರೆ ಬೈಯುತ್ತಿದ್ದರು. ಕಪ್ಪು ಹೊಗೆ ಅಂದರೆ ಕಲ್ಲಿದ್ದಲು ಸರಿಯಾಗಿ ಉರೀತಿಲ್ಲ ಅಂತ ಅರ್ಥ, ಯಾರೋ ಸೋಮಾರಿ ಒಂದೇ ಸಲಕ್ಕೆ ರಾಶಿ ಸುರಿದಿದ್ದಾನೆ ಅಂತ. ಸಲಿಕೆಯಲ್ಲಿ ಸ್ವಲ್ಪ ಸ್ವಲ್ಪವೇ, ಮೂಲೆಗೊಂದು, ಹಿಂದಕ್ಕೊಂದು, ದೋಸೆ ಹಿಟ್ಟು ಹರಡಿದ ಹಾಗೆ ತೆಳ್ಳಗೆ ಹಾಕಬೇಕಂತೆ. ವೈಪಿ ಅನ್ನೋ ಇಂಜಿನ್ನುಗಳಲ್ಲಿ ಹಬೆಯ ಒತ್ತಡ ತೋರಿಸೋ ಗೇಜಿನ ಮುಳ್ಳು 210 ಪೌಂಡಿನ ಹತ್ತಿರ ನಿಲ್ಲಬೇಕು, ಬಾಯ್ಲರಿನಲ್ಲಿ ನೀರೂ ಕಮ್ಮಿ ಆಗಬಾರದು. ಬೆಂಗಳೂರು ಮೈಸೂರಿಗಿಂತ ಎತ್ತರದಲ್ಲಿದೆ, ಮದ್ದೂರು ಅವೆರಡಕ್ಕಿಂತಲೂ ತಗ್ಗು. ಹಾಗಾಗಿ ಬೆಂಗಳೂರಿಗೆ ಹೋಗುವಾಗ ಮದ್ದೂರಿನ ತನಕ ಆರಾಮ, ಆಮೇಲೆ ಸೊಂಟ ಮುರಿಯೋ ಕೆಲಸ. ಪ್ರಯಾಣಿಕರು ವಡೆ ತಿನ್ನುತ್ತಾ ಕೂತಿರುವಾಗ ನಾನು ಮುಂದಿನ ಏರಿಗೆ ಬೆಂಕಿ ಕಟ್ಟುತ್ತಿದ್ದೆ ಅಂತ ಹೇಳೋರು. ಹಾಗಂತ ವಡೆ ತಂದುಕೊಡೋದನ್ನು ಮರೆಯುತ್ತಿರಲಿಲ್ಲ. ವಡೆ ಕಟ್ಟಿದ ಪೇಪರಿನ ಮೇಲೆ ಐದೂ ಬೆರಳಿನ ಕಪ್ಪು ಗುರುತು ಇರುತ್ತಿತ್ತು.

ಅಜ್ಜಿ ವಿಷಯಕ್ಕೆ ಬರ್ತೀನಿ. ಹಿತ್ತಲಲ್ಲಿ ಒಗೆಯೋ ಕಲ್ಲು ಎರಡಿದ್ದವು. ಒಂದು ಮನೆಯವರ ಬಟ್ಟೆಗೆ, ಇನ್ನೊಂದು ತಾತನ ಡ್ಯೂಟಿ ಬಟ್ಟೆಗೆ ಮಾತ್ರ. ಆ ನೀಲಿ ಬಟ್ಟೆಯನ್ನು ಬಿಸಿನೀರು, ಸೋಡಾ ಹಾಕಿ ರಾತ್ರಿಯೆಲ್ಲಾ ನೆನೆಸಿ, ಬೆಳಿಗ್ಗೆ ಎತ್ತಿ ಬಡಿದರೆ ಮೊದಲು ಬರೋ ನೀರು ಶಾಯಿ ತರಹ. ಎಣ್ಣೆ ಜಿಡ್ಡು ಬೇರೆ. ಮೂರು ನೀರು ಬದಲಾಯಿಸಿದ ಮೇಲೂ ಹಿಂಡಿದರೆ ಬೂದು ಬಣ್ಣವೇ. ದಿಂಬಿನ ಕವರಂತೂ ಬೆಳ್ಳಗೆ ಇದ್ದಿದ್ದನ್ನು ನಾನು ನೋಡೇ ಇಲ್ಲ. "ನಿಮ್ ತಾತ ರೈಲು ಓಡಿಸ್ತಾರೆ ಅಂತ ನೀವು ಕುಣೀತೀರ, ಆ ರೈಲನ್ನ ದಿನಾ ಒಗೆಯೋಳು ನಾನು" ಅಂತಿದ್ದರು.

ಬಟ್ಟೆಗಿಂತ ಕಷ್ಟ ರಾತ್ರಿಗಳದ್ದು. ಆಗ ಫೋನ್ ಎಲ್ಲಿತ್ತು? ಡ್ಯೂಟಿ ಬಿದ್ದರೆ ಕಾಲ್ ಬಾಯ್ ಅಂತ ಒಬ್ಬ ಹುಡುಗ ಮನೆಗೇ ಬಂದು ಎಬ್ಬಿಸುತ್ತಿದ್ದ, ಕೈಯಲ್ಲಿ ಒಂದು ಪುಸ್ತಕ, ಒಂದು ಲಾಂದ್ರ. ರಾತ್ರಿ ಎರಡು ಗಂಟೆಗೆ ಬಾಗಿಲು ದಡದಡ ಅನ್ನೋದು. ತಾತ ನಿದ್ದೆಗಣ್ಣಲ್ಲಿ ಆ ಪುಸ್ತಕದಲ್ಲಿ ಸಹಿ ಹಾಕಬೇಕು. ಎದ್ದು ಬಂದರು ಅನ್ನೋದಕ್ಕೆ ಅದೇ ಗುರುತು. ಅಷ್ಟರಲ್ಲಿ ಅಜ್ಜಿ ಸೀಮೆಎಣ್ಣೆ ಸ್ಟೌವ್ ಹಚ್ಚಿ, ತಾತನಿಗೆ ಕಾಫಿ ಮಾಡಿ, ಆ ಹುಡುಗನಿಗೂ ಅರ್ಧ ಲೋಟ ಕೊಟ್ಟು, ಮೊಸರನ್ನ ಕಟ್ಟಿ ಲೈನ್ ಬಾಕ್ಸ್‌ನೊಳಗೆ ಇಡುತ್ತಿದ್ದರು. ಲೈನ್ ಬಾಕ್ಸ್ ಅಂದರೆ ಡ್ಯೂಟಿಗೆ ಒಯ್ಯೋ ತಗಡಿನ ಪೆಟ್ಟಿಗೆ. ಅದು ಈಗ ನಮ್ಮ ಮನೆಯಲ್ಲಿದೆ, ಈರುಳ್ಳಿ ಹಾಕಿಟ್ಟಿದ್ದೀವಿ. ಬೆಳಿಗ್ಗೆ ನಾವು ಎದ್ದು ನೋಡಿದರೆ ತಾತನ ಹಾಸಿಗೆ ಖಾಲಿ. ಯಾವಾಗ ಬರ್ತಾರೆ ಅಂತ ಕೇಳಿದರೆ ಅಜ್ಜಿ ಹತ್ತಿರ ಒಂದೇ ಉತ್ತರ, "ಗಾಡಿ ಬಂದಾಗ."

ಒಂದು ಲಾಭ ಅಂದರೆ ಬಚ್ಚಲ ಒಲೆ. ಇಂಜಿನ್ ಶೆಡ್ಡಿನ ಬೂದಿಯಲ್ಲಿ ಅರ್ಧ ಬೆಂದ ಕಲ್ಲಿದ್ದಲ ಚೂರು ಸಿಗುತ್ತಿತ್ತು. ಸುತ್ತಮುತ್ತಲಿನ ಹೆಂಗಸರು ಆರಿಸಿ ತರೋರು. ಹಂಡೆ ನೀರು ಮಧ್ಯಾಹ್ನದವರೆಗೂ ಬಿಸಿ.

ತಾತ ಹೋದ ಮೇಲೆ ಒಂದು ಸಲ ಅಜ್ಜಿಯನ್ನು ಮೈಸೂರಿನ ರೈಲು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆ ಎದುರುಗಡೆ ಇದೆ, 1979ರಲ್ಲಿ ಶುರುವಾಗಿದ್ದು. ನೀವು ನೋಡಿಲ್ಲ ಅಂದರೆ ಒಂದು ಸಲ ಹೋಗಿ ಬನ್ನಿ, ಮೈಸೂರು ಮಹಾರಾಣಿಯವರ ಸಲೂನ್, ಅಂದರೆ ಅವರು ಓಡಾಡೋದಕ್ಕೆ ಇದ್ದ ಐಷಾರಾಮಿ ಬೋಗಿಯೂ ಅಲ್ಲೇ ಇದೆ. ಅಜ್ಜಿ ಅಳಬಹುದು ಅಂತ ನಾನು ಕರ್ಚೀಫ್ ರೆಡಿ ಮಾಡಿಕೊಂಡಿದ್ದೆ. ಅವರು ಇಂಜಿನ್ ಹತ್ತಿರ ಹೋಗಿ, ಚಕ್ರದ ಮೇಲೆ ಬೆರಳು ಎಳೆದು, ಬೆರಳನ್ನು ತಿರುಗಿಸಿ ನೋಡಿದರು. ಧೂಳು ಬಿಟ್ಟರೆ ಏನೂ ಅಂಟಿರಲಿಲ್ಲ. "ಆಗ ಹೀಗಿದ್ದಿದ್ರೆ ಆಗ್ತಿರ್ಲಿಲ್ವಾ" ಅಂದರು. ಮಹಾರಾಣಿಯ ಬೋಗಿ ಕಡೆ ತಿರುಗಿಯೂ ನೋಡಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ತಾತನ ಸುದ್ದಿ ಇಲ್ಲ, ಇಂಜಿನ್ ಸುದ್ದಿಯೂ ಇಲ್ಲ. ಆ ಕಾಲ್ ಬಾಯ್ ಹುಡುಗ ಈಗ ಎಲ್ಲಿದ್ದಾನೋ, ಅವನಿಗೆ ಮದುವೆ ಆಯ್ತೋ ಇಲ್ಲವೋ, ಚಳಿಗೆ ಸ್ವೆಟರೂ ಇಲ್ಲದೆ ಬರ್ತಿದ್ದ ಅಂತ ಮನೆ ತಲುಪೋವರೆಗೂ ಅದೇ ಮಾತು.