ಪಂಪಿನ ಮೇಲೆ ಹಬ್ಬಿದ ಹವಳ: ಕೆತ್ತಬೇಕೇ, ಬಿಡಬೇಕೇ?

ಪ್ರಶ್ನೆ: ನಾನು ಅಮೆರಿಕದ ಡಲ್ಲಾಸ್‌ನಲ್ಲಿದ್ದೇನೆ. ಮನೆಯಲ್ಲಿ 75 ಗ್ಯಾಲನ್‌ನ (ಸುಮಾರು 284 ಲೀಟರ್) ಹವಳದ ಅಕ್ವೇರಿಯಂ ಇದೆ. ಹಿಂದಿನ ಗಾಜಿಗೆ ಆಯಸ್ಕಾಂತದಿಂದ ಅಂಟಿಸಿರುವ ವೇವ್‌ಮೇಕರ್‌ನ (ನೀರಿನಲ್ಲಿ ಅಲೆ ಎಬ್ಬಿಸುವ ಪಂಪಿನ) ಮೈಮೇಲೆ ನೇರಳೆ ಅಂಚಿನ ಹಸಿರು ಮೊಂಟಿಪೋರಾ ಎಂಬ ಗಟ್ಟಿ ಹವಳ ಹಬ್ಬಿ, ಈಗ ಗಾಜಿಗೂ ದಾಟಿದೆ. ಮೇಲಿನ ನೀರು ಕೆಳಗಿನ ತೊಟ್ಟಿಗೆ ಇಳಿಯುವ ಓವರ್‌ಫ್ಲೋ ಪೆಟ್ಟಿಗೆಯ ಹಲ್ಲುಗಳನ್ನು ಗ್ರೀನ್ ಸ್ಟಾರ್ ಪಾಲಿಪ್ ಎಂಬ ಮೆದು ಹವಳ ಮುಚ್ಚುತ್ತಿದೆ. ಪೆಟ್ಟಿಗೆಯ ಬುಡದಲ್ಲಿ ಕಂದು ಬಣ್ಣದ ಜೋಆಂತಿಡ್‌ಗಳೂ (ಹವಳದ ಬಳಗದ ಮೆದು ಜೀವಿಗಳು) ಇವೆ. ಪಂಪ್ ಇತ್ತೀಚೆಗೆ ಗುರುಗುಟ್ಟುತ್ತಿದೆ. ನೋಡಲು ಚೆಂದವಾಗಿರುವುದರಿಂದ ಕೆತ್ತಲು ಮನಸ್ಸು ಬರುತ್ತಿಲ್ಲ. ಕೆತ್ತಲೇಬೇಕೇ? ಕೆತ್ತಿದರೆ ಒಂದು ತುಂಡನ್ನು ಬೆಂಗಳೂರಿನಲ್ಲಿರುವ ತಮ್ಮನ ಅಕ್ವೇರಿಯಂಗೆ ಕೊಂಡೊಯ್ಯಬಹುದೇ?

ಉತ್ತರ: ಪಂಪಿನ ಮೇಲಿನದನ್ನು ತೆಗೆಯಲೇಬೇಕು. ಗಾಜಿನ ಮೇಲಿನದನ್ನು ಬಿಡಬಹುದು. ಓವರ್‌ಫ್ಲೋ ಹಲ್ಲುಗಳ ವಿಷಯದಲ್ಲಿ ಮಾತ್ರ ನಾಳೆ ನೋಡೋಣ ಎನ್ನಬೇಡಿ.

ಹವಳ ಉಪಕರಣದ ಮೇಲೆ ಬೆಳೆದಿರುವುದೇ ತಪ್ಪೆಂದು ನಾನು ಹೇಳುವುದಿಲ್ಲ. ನೀರು ರಭಸವಾಗಿ ಹರಿಯುವ ಕಡೆ ಹವಳದ ಮೈಗೆ ಅಂಟಿಕೊಂಡಿರುವ ನಿಶ್ಚಲ ನೀರಿನ ಪದರ ತೆಳ್ಳಗಾಗುತ್ತದೆ. ಆಮ್ಲಜನಕ, ಆಹಾರ, ಅಸ್ಥಿಪಂಜರ ಕಟ್ಟಲು ಬೇಕಾದ ಲವಣಗಳು ಬೇಗ ಒಳಬರುತ್ತವೆ, ಕಲ್ಮಶ ಬೇಗ ಹೊರಹೋಗುತ್ತದೆ. ಪಂಪು ಮತ್ತು ಓವರ್‌ಫ್ಲೋ ಎರಡೂ ಸಾಮಾನ್ಯವಾಗಿ ಮೇಲ್ಭಾಗದಲ್ಲಿ, ದೀಪಕ್ಕೆ ಹತ್ತಿರವಾಗಿ ಇರುತ್ತವೆ. ಹವಳಕ್ಕೆ ಇನ್ನೇನು ಬೇಕು? ಅದು ಅಲ್ಲಿಗೆ ಏರಿದೆ ಎಂದರೆ ನಿಮ್ಮ ನೀರು ಚೆನ್ನಾಗಿದೆ ಎಂದೇ ಅರ್ಥ.

ತೊಂದರೆ ಇರುವುದು ಸಂದುಗಳಲ್ಲಿ. ಕಳಚಿ ತೆಗೆಯಬೇಕಾದ ಎರಡು ಭಾಗಗಳ ನಡುವಿನ ಗೆರೆಯನ್ನು ಹವಳ ದಾಟಿದ ದಿನ ಅದು ಬೀಗವಾಗುತ್ತದೆ. ಮೊಂಟಿಪೋರಾದ ತಳದಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಕಲ್ಲು. ಪಂಪಿನಿಂದ ಗಾಜಿಗೆ ದಾಟಿರುವ ಆ ಕಲ್ಲು ಪಂಪನ್ನು ಗಾಜಿಗೆ ಬೆಸೆದುಬಿಟ್ಟಿದೆ. ಸದ್ದಿನ ಕಾರಣವೂ ಬಹುಮಟ್ಟಿಗೆ ಇದೇ ಇರಬೇಕು: ಪಂಪಿನ ಹೊರ ಪಂಜರದ ಸೀಳುಗಳು ಮುಚ್ಚಿದಂತೆ ಒಳಬರುವ ನೀರು ಕಡಿಮೆಯಾಗಿ ಮೋಟರ್ ಹೆಣಗುತ್ತದೆ. ಒಳಗಿನ ದಂಡಕ್ಕೆ ಸುಣ್ಣ ಕಟ್ಟಿದ್ದರೂ ಹೀಗೇ ಸದ್ದು ಬರುತ್ತದೆ. ಈ ಸುಣ್ಣವನ್ನು ಕರಗಿಸಲು ಪಂಪನ್ನು ಕೆಲವು ತಿಂಗಳಿಗೊಮ್ಮೆ ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಬೇಕು. ಆ ಹುಳಿ ಹವಳದ ಅಸ್ಥಿಪಂಜರವನ್ನೂ ಬಿಡುವುದಿಲ್ಲ, ಜೀವವನ್ನೂ ಉಳಿಸುವುದಿಲ್ಲ. ಹಾಗಾಗಿ ಒಂದೇ ಪಂಪಿನ ಮೇಲೆ ಹವಳವನ್ನೂ ಉಳಿಸಿಕೊಂಡು ಅದನ್ನು ತೊಳೆಯುವುದೂ ಆಗದ ಮಾತು.

ಕೆಲವರು ಹಳೆಯ ಪಂಪಿನ ವೈರ್ ಕತ್ತರಿಸಿ ಅದನ್ನೇ ಕಲ್ಲಿನಂತೆ ಒಳಗೆ ಬಿಡುತ್ತಾರೆ. ದಯವಿಟ್ಟು ಬೇಡ. ಪ್ಲಾಸ್ಟಿಕ್ ಹೊದಿಕೆ ಬಿರುಕು ಬಿಟ್ಟರೆ ಒಳಗಿನ ಆಯಸ್ಕಾಂತ ಉಪ್ಪು ನೀರಿನಲ್ಲಿ ತುಕ್ಕು ಹಿಡಿದು ಲೋಹವನ್ನು ನೀರಿಗೆ ಬಿಡುತ್ತದೆ.

ತೆಗೆಯುವ ಮುನ್ನ ಎಲ್ಲ ಪ್ಲಗ್‌ಗಳನ್ನೂ ಗೋಡೆಯಿಂದ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಪಂಪನ್ನು ಹಿಡಿದೆಳೆಯಬೇಡಿ, ವೈರನ್ನಂತೂ ಎಳೆಯಲೇಬೇಡಿ. ಪಂಪು ಮತ್ತು ಗಾಜು ಕೂಡುವ ಗೆರೆಯುದ್ದಕ್ಕೂ ಮೊದಲು ಬ್ಲೇಡ್ ಆಡಿಸಿ. ಗಾಜಿನ ಮೇಲೆ ಉಕ್ಕಿನ ಬ್ಲೇಡ್ ನಡೆಯುತ್ತದೆ. ಓವರ್‌ಫ್ಲೋ ಪೆಟ್ಟಿಗೆ ಅಕ್ರಿಲಿಕ್‌ನದಾಗಿದ್ದರೆ ಪ್ಲಾಸ್ಟಿಕ್ ಕೆರಚುವ ಪಟ್ಟಿಯನ್ನೇ ಬಳಸಿ, ಇಲ್ಲವಾದರೆ ಅಳಿಸಲಾಗದ ಗೀರು ಉಳಿಯುತ್ತದೆ. ಗೆರೆ ಬಿಟ್ಟುಕೊಂಡ ಮೇಲೆ ಪಂಪನ್ನು ಹೊರತೆಗೆದು, ಅಕ್ವೇರಿಯಂ ನೀರನ್ನೇ ತುಂಬಿಸಿದ ಬಕೆಟ್‌ನಲ್ಲಿ ಮುಳುಗಿಸಿಟ್ಟು ಉಳಿದ ಕೆಲಸ ಮಾಡಿ. ಅಂಚಿನ ಕೆಳಗೆ ಬ್ಲೇಡ್ ತೂರಿಸಿ ಮೀಟಿದರೆ ಮೊಂಟಿಪೋರಾ ಹಪ್ಪಳದಂತೆ ತುಂಡು ತುಂಡಾಗಿ ಏಳುತ್ತದೆ. ಬೇಕಾದ ತುಂಡುಗಳನ್ನು ಸೂಪರ್ ಗ್ಲೂ ಜೆಲ್‌ನಿಂದ ಸಣ್ಣ ಕಲ್ಲುಗಳಿಗೆ ಅಂಟಿಸಿ ಹರಿವಿರುವ ಕಡೆ ಇಡಿ. ಅಂಟಿಸುವ ಮುನ್ನ ಪ್ರತಿ ತುಂಡಿನ ಅಡಿಭಾಗವನ್ನು ಭೂತಗನ್ನಡಿ ಹಿಡಿದು ನೋಡಿ. ಮೊಂಟಿಪೋರಾ ತಿನ್ನುವ, ಕೆಲವೇ ಮಿಲಿಮೀಟರ್ ಉದ್ದದ ಬಿಳಿ ನುಡಿಬ್ರಾಂಕ್‌ಗಳು (ಚಿಪ್ಪಿಲ್ಲದ ಸಮುದ್ರ ಬಸವನಹುಳುಗಳು) ಅಡಗುವುದು ಅಲ್ಲೇ. ಔಷಧದ ದ್ರಾವಣದಲ್ಲಿ ಅದ್ದಿದರೆ ಅವು ಉದುರಬಹುದು, ಆದರೆ ಮೊಟ್ಟೆಗಳು ಸಾಯುವುದಿಲ್ಲ. ಮೊಟ್ಟೆ ಕಂಡ ತುಂಡನ್ನು ಎಸೆಯುವುದೇ ಲೇಸು.

ಗ್ರೀನ್ ಸ್ಟಾರ್ ಪಾಲಿಪ್‌ನ ಸ್ವಭಾವವೇ ಬೇರೆ. ಅದಕ್ಕೆ ಕಲ್ಲಿನ ತಳವಿಲ್ಲ, ತೊಗಲಿನಂಥ ನೇರಳೆ ಹಾಳೆ ಇದೆ. ಒಂದು ಮೂಲೆಯನ್ನು ಎಬ್ಬಿಸಿ ನಿಧಾನವಾಗಿ ಎಳೆದರೆ ಹಾಳೆಯಾಗಿಯೇ ಸುಲಿದು ಬರುತ್ತದೆ. ಕತ್ತರಿಯೂ ಸಾಕು. ಉಳಿದ ನೇರಳೆ ಚೂರುಗಳಿಂದಲೇ ಅದು ಮತ್ತೆ ಹಬ್ಬುತ್ತದೆ, ಆದ್ದರಿಂದ ಸುಲಿಯುವಾಗ ಪೈಪಿನಿಂದ ಚೂರುಗಳನ್ನು ಹೊರಗೆ ಎಳೆದುಬಿಡಿ. ಹಲ್ಲುಗಳು ಮುಚ್ಚಿದರೆ ಆಗುವುದೇನೆಂದರೆ, ಕೆಳಗಿನ ಸಂಪ್‌ನಿಂದ (ತೊಟ್ಟಿಯಿಂದ) ಇನ್ನೊಂದು ಪಂಪು ನೀರನ್ನು ಮೇಲೆತ್ತುತ್ತಲೇ ಇರುತ್ತದೆ, ಮೇಲಿನ ನೀರು ಇಳಿಯಲು ದಾರಿ ಸಾಲದೆ ಮಟ್ಟ ಏರಿ ಏರಿ ಕಾರ್ಪೆಟ್ ಮೇಲೆ ಇಳಿಯುತ್ತದೆ. ಹಲ್ಲುಗಳ ಸುತ್ತ ಒಂದು ಬೆರಳಗಲದ ಪಟ್ಟಿಯನ್ನು ಸದಾ ಬೋಳಾಗಿಡಿ. ವಾರಕ್ಕೊಮ್ಮೆ ಗಾಜು ಒರೆಸುವಾಗಲೇ ಈ ಗಡಿಯನ್ನೂ ಕೆರಚಿದರೆ ದೊಡ್ಡ ಕೆಲಸ ಬೀಳುವುದಿಲ್ಲ.

ಜೋಆಂತಿಡ್‌ಗಳ ವಿಷಯದಲ್ಲಿ ನನ್ನ ಧ್ವನಿ ಕೊಂಚ ಗಡುಸಾಗುತ್ತದೆ. ಇವುಗಳಲ್ಲಿ ಕೆಲವು, ಅದರಲ್ಲೂ ಪಾಲಿಥೋವಾಗಳು, ಪಾಲಿಟಾಕ್ಸಿನ್ ಎಂಬ ತೀವ್ರ ವಿಷವನ್ನು ಹೊಂದಿರುತ್ತವೆ. ವಿಜ್ಞಾನಿಗಳು ಈ ವಿಷದ ವಿವರ ಪ್ರಕಟಿಸಿದ್ದು 1971ರಲ್ಲಿ, ಹವಾಯಿ ದ್ವೀಪಗಳ ಪಾಲಿಥೋವಾದಿಂದ ಅದನ್ನು ಬೇರ್ಪಡಿಸಿ. ನೋಟದಿಂದ ವಿಷದ ಪ್ರಮಾಣ ಹೇಳಲಾಗದು. ಕೈಗವಸು ಮಾತ್ರವಲ್ಲ, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕವನ್ನೂ ಧರಿಸಿ. ಕತ್ತರಿಸುವಾಗ ಚಿಮ್ಮುವ ರಸ ಕಣ್ಣಿಗೆ ಬಿದ್ದ ಪ್ರಕರಣಗಳಿವೆ. ಅವು ಅಂಟಿದ ಕಲ್ಲನ್ನು ಕುದಿಸುವುದು, ಬಿಸಿನೀರು ಸುರಿಯುವುದು, ಒಣಗಿದ ಮೇಲೆ ಬ್ರಷ್‌ನಿಂದ ಉಜ್ಜುವುದು ಯಾವುದೂ ಕೂಡದು. ಆವಿಯನ್ನು ಉಸಿರಾಡಿ ಇಡೀ ಮನೆಯವರೇ ಆಸ್ಪತ್ರೆ ಸೇರಿದ್ದುಂಟು. ಬಾಯಿಯಲ್ಲಿ ಲೋಹದ ರುಚಿ, ಉಸಿರಾಟದ ತೊಂದರೆ, ಸ್ನಾಯು ನೋವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ ಪಾಲಿಟಾಕ್ಸಿನ್ ಎಂಬ ಹೆಸರನ್ನೇ ವೈದ್ಯರಿಗೆ ಹೇಳಿ. ನಿಮ್ಮ ಜೋಆಂತಿಡ್‌ಗಳು ಯಾವ ಸಂದನ್ನೂ ದಾಟಿಲ್ಲದಿದ್ದರೆ ಮುಟ್ಟಬೇಡಿ.

ಕೆತ್ತನೆ ಮುಗಿದ ಮೇಲೆ ಕೆಲವು ದಿನ ಸಕ್ರಿಯ ಇಂಗಾಲದ ಮೂಲಕ ನೀರು ಹರಿಸಿ. ಬಹಳ ಜನ ಮರೆಯುವ ಸಂಗತಿ ಇನ್ನೊಂದಿದೆ. ಅಂಗೈ ಅಗಲದ ಮೊಂಟಿಪೋರಾ ದಿನವೂ ನೀರಿನಿಂದ ಕ್ಯಾಲ್ಸಿಯಂ ಮತ್ತು ಅಲ್ಕಲಿನಿಟಿಯನ್ನು (ಆಮ್ಲವನ್ನು ತಡೆಯುವ ಕಾರ್ಬೊನೇಟ್ ಅಂಶವನ್ನು) ಹೀರುತ್ತಿತ್ತು. ಅದನ್ನು ತೆಗೆದ ಮೇಲೂ ನೀವು ಅವನ್ನು ತುಂಬಿಕೊಡುವ ದ್ರಾವಣವನ್ನು ಹಳೆಯ ಪ್ರಮಾಣದಲ್ಲೇ ಸುರಿಯುತ್ತಿದ್ದರೆ ಅಲ್ಕಲಿನಿಟಿ ಮೆಲ್ಲಗೆ ಏರುತ್ತದೆ, ಉಳಿದ ಹವಳಗಳ ತುದಿ ಸುಡುತ್ತದೆ. ಒಂದು ವಾರ ದಿನವೂ ಅಳೆಯಿರಿ. 8 ಡಿಕೆಎಚ್‌ನಲ್ಲಿ (ಅಲ್ಕಲಿನಿಟಿಯ ಅಳತೆ) ಇಟ್ಟುಕೊಂಡಿದ್ದರೆ ಅಲ್ಲೇ ನಿಲ್ಲುವಂತೆ ಪ್ರಮಾಣ ಇಳಿಸಿ.

ಇನ್ನು ತಮ್ಮನಿಗೆ ಕೊಂಡೊಯ್ಯುವ ಮಾತು. ಬೇಡ. ಗಟ್ಟಿ ಹವಳಗಳೆಲ್ಲ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ನಿಮ್ಮ ಮನೆಯಲ್ಲೇ ಬೆಳೆದ ತುಂಡಾದರೂ ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಭಾರತದಲ್ಲಂತೂ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಡೈವ್ ಮಾಡುವಾಗ ಒಂದು ಚೂರು ಮುರಿದು ತಂದರೂ ಅಪರಾಧವೇ. ತಮ್ಮನ ಅಕ್ವೇರಿಯಂನಲ್ಲಿ ಈಗಾಗಲೇ ಗಟ್ಟಿ ಹವಳಗಳಿದ್ದರೆ ಅವುಗಳ ಆಮದು ಕಾಗದಪತ್ರಗಳು ಎಲ್ಲಿವೆ ಎಂದು ಮಾರಿದವರನ್ನು ಕೇಳಲು ಹೇಳಿ. ನಿಮ್ಮ ಮೊಂಟಿಪೋರಾ ತುಂಡುಗಳಿಗೆ ಡಲ್ಲಾಸ್‌ನ ಹವ್ಯಾಸಿಗಳಲ್ಲೇ ಗಿರಾಕಿಗಳು ಸಿಗುತ್ತಾರೆ.