ಹಳೆ ಲ್ಯಾಪ್‌ಟಾಪ್, ಹೊಸ ಗೇಮ್

ಪ್ರಶ್ನೆ: ಮಗನಿಗೆ ಕ್ಲೌಡ್ ಗೇಮಿಂಗ್ ಬೇಕಂತೆ. ಎಕ್ಸ್‌ಬಾಕ್ಸೋ, ಜಿಫೋರ್ಸ್ ನೌವೋ? ಲ್ಯಾಪ್‌ಟಾಪ್ ಹಳೆಯದು.
– ಓದುಗರೊಬ್ಬರು, ಫ್ರಾಂಕ್‌ಫರ್ಟ್

ಉತ್ತರ: ಲ್ಯಾಪ್‌ಟಾಪ್ ಚಿಂತೆ ಬಿಡಿ. ಗೇಮ್ ಓಡುವುದು ದೂರದ ಸರ್ವರ್‌ನಲ್ಲಿ, ನಿಮಗೆ ಬರುವುದು ಬರೀ ವಿಡಿಯೊ. ಮ್ಯೂನಿಕ್‌ನ ತಂಗಿ ಮನೆಯಲ್ಲಿ ಎರಡನ್ನೂ ಆಡಿ ನೋಡಿದ್ದೇನೆ. ಎಕ್ಸ್‌ಬಾಕ್ಸ್‌ನಲ್ಲಿ ಗೇಮ್ ಪಾಸ್ ಚಂದಾ ಕಟ್ಟಿದರೆ ರಾಶಿ ಗೇಮ್ ಜೊತೆಗೇ ಸಿಗುತ್ತವೆ. ಜಿಫೋರ್ಸ್ ನೌ ಅಂದರೆ ಯಂತ್ರವನ್ನಷ್ಟೇ ಬಾಡಿಗೆಗೆ ಪಡೆದಂತೆ. ಗೇಮನ್ನು ಸ್ಟೀಮ್‌ನಂಥ ಆನ್‌ಲೈನ್ ಅಂಗಡಿಯಲ್ಲಿ ನೀವೇ ಕೊಂಡಿರಬೇಕು. ಚಿತ್ರ ಮಾತ್ರ ಜಿಫೋರ್ಸ್ ನೌನಲ್ಲೇ ಚೆಂದ.

ವೈಫೈನಲ್ಲಿ ಆಡಿದಾಗ ಗೇಮ್‌ನಲ್ಲಿ ನನ್ನ ಕಾರು ತಿರುವು ದಾಟಿದ ಮೇಲೆ ತಿರುಗುತ್ತಿತ್ತು! ರೌಟರ್‌ನಿಂದ ಕೇಬಲ್ ಎಳೆದೆ, ಸರಿಹೋಯಿತು. 1080ಪಿ (ಫುಲ್ ಎಚ್‌ಡಿ) ಚಿತ್ರಕ್ಕೆ ಜಿಫೋರ್ಸ್ ನೌ 25 ಎಂಬಿಪಿಎಸ್ ಇಂಟರ್ನೆಟ್ ವೇಗ ಕೇಳುತ್ತದೆ. ಇಂಥದ್ದೇ ಸೇವೆಯಾಗಿದ್ದ ಗೂಗಲ್‌ನ ಸ್ಟೇಡಿಯಾ 2023ರ ಜನವರಿಯಲ್ಲಿ ಬಾಗಿಲು ಹಾಕಿತು, ನೆನಪಿದೆ ಅಲ್ವಾ? ಹಾಗಾಗಿ ಸುಮ್ನೆ ವರ್ಷದ ಚಂದಾ ಬೇಡ, ಒಂದು ತಿಂಗಳಿಗೆ ಕಟ್ಟಿ ನೋಡಿ.